ಕೆಚ್ಚಲು ಬಾವು: ಯಾವ ಕೋಶದ ಮಾತು?

ನಿನ್ನೆ ಸಂಜೆಯವರೆಗೂ ಸಾಧುವಾಗಿ ನಿಂತು ಹಾಲಿಳಿಸುತ್ತಿದ್ದ ಹಸುವು ಇಂದು ಬೆಳಗ್ಗೆ ಕೆಚ್ಚಲಿಗೆ ಕೈ ಸೋಕಿದೊಡನೆ ಕಾಲು ಝಾಡಿಸಿತೆಂದರೆ, ದನಕರುಗಳ ನಡುವೆಯೇ ಬಾಳಿದ ಮನೆಯ ಹೆಂಗಸರು ಅದನ್ನು ಗದರಿಸಲು ಹೋಗದೆ ಮೊದಲು ನಾಲ್ಕು ತೊಟ್ಟುಗಳನ್ನೂ ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಮೂರು ಪಾಲು ಎಂದಿನಂತೆ ಮೆತ್ತಗಿದ್ದು, ಒಂದು ಮಾತ್ರ ಬಿಸಿಯೇರಿ ಗಡುಸಾಗಿ, ಅದರ ಮೊದಲ ಧಾರೆಯಲ್ಲಿ ತಿಳಿನೀರೂ ಮೊಸರುಗಟ್ಟಿದ ಚೂರುಗಳೂ ಬಂದರೆ ಕೆಚ್ಚಲು ಬಾವು ತಗುಲಿತೆಂದು ನಿಶ್ಚಯವಾಗುತ್ತದೆ. ಆ ಹಾಲು ಸೊಸೈಟಿಗೆ ಸಲ್ಲದು. ಔಷಧೋಪಚಾರ ನಡೆಯುವ ದಿನಗಳ ಹಾಲೂ, ಅದು ಮುಗಿದ ಮೇಲೆ ಕೆಲವು ದಿನಗಳ ಹಾಲೂ ಚೆಲ್ಲುವ ಪಾಲಿನದೇ. ಒಂದೆರಡು ಹಸುಗಳ ಹಾಲಿನಿಂದಲೇ ತಿಂಗಳ ಖರ್ಚು ತೂಗಿಸುವ ಸಂಸಾರಕ್ಕೆ ಇದು ಸಣ್ಣ ಪೆಟ್ಟಲ್ಲ.

ಆ ಒಂದು ರಾತ್ರಿಯಲ್ಲಿ ಬದಲಾದದ್ದಾದರೂ ಏನು? ಹಸು ಅದೇ ಹಸು. ಕೆಚ್ಚಲು ಅದೇ ಕೆಚ್ಚಲು. ತಾಯಿತಂದೆಗಳಿಂದ ಅದಕ್ಕೆ ಬಂದ ವಂಶವಾಹಿಗಳಲ್ಲಿ ಒಂದಕ್ಷರವೂ ವ್ಯತ್ಯಾಸವಾಗಿಲ್ಲ. ಹಾಗಿದ್ದೂ ನಿನ್ನೆ ಹಾಲನ್ನು ತಯಾರಿಸುವುದರಲ್ಲೇ ಮಗ್ನವಾಗಿದ್ದ ಜೀವಕೋಶಗಳು ಇಂದು ಆ ಕಾಯಕವನ್ನು ಅರ್ಧಕ್ಕೆ ಬಿಟ್ಟು, ಸೂಕ್ಷ್ಮಜೀವಿಗಳನ್ನು ಕೊಲ್ಲುವ ದ್ರವ್ಯಗಳನ್ನೂ, ರಕ್ತದಿಂದ ರಕ್ಷಕಕೋಶಗಳನ್ನು ಕರೆತರುವ ಸಂಕೇತಗಳನ್ನೂ ಉತ್ಪಾದಿಸತೊಡಗಿವೆ. ಇರುವ ವಂಶವಾಹಿಗಳೇ ಇದ್ದು, ಅವುಗಳಲ್ಲಿ ಯಾವುದು ಜಾಗೃತವಾಗಿದೆ, ಯಾವುದು ಸುಪ್ತವಾಗಿದೆ, ಜಾಗೃತವಾದದ್ದು ಎಷ್ಟು ತೀವ್ರವಾಗಿ ವರ್ತಿಸುತ್ತಿದೆ ಎಂಬುದರಲ್ಲಿ ಮಾತ್ರ ಆಗುವ ಈ ಪರಿವರ್ತನೆಗೆ ಜೀನುಗಳ, ಅಂದರೆ ವಂಶವಾಹಿಗಳ, ಅಭಿವ್ಯಕ್ತಿಯ ಬದಲಾವಣೆ ಎಂದು ಹೆಸರು. ಆರೋಗ್ಯದ ಸ್ಥಿತಿಯಲ್ಲಿಯೂ ರೋಗದ ಸ್ಥಿತಿಯಲ್ಲಿಯೂ ಈ ಅಭಿವ್ಯಕ್ತಿಯನ್ನು ಅಳೆದು ಹೋಲಿಸುವುದು ಇಂದಿನ ಪಶುವಿಜ್ಞಾನದ ಅತ್ಯಂತ ಫಲವತ್ತಾದ ಮಾರ್ಗಗಳಲ್ಲೊಂದು. ಆದರೆ ಆ ಹೋಲಿಕೆ ಸತ್ಯವನ್ನು ನುಡಿಯಬೇಕಾದರೆ, ಅಳತೆಗೆ ಸಿಕ್ಕಿದ ಮಾತು ಯಾವ ಬಗೆಯ ಕೋಶದ ಬಾಯಿಂದ ಬಂದದ್ದು ಎಂಬುದನ್ನು ಮೊದಲು ಅರಿತಿರಬೇಕು. ಈ ಲೇಖನದ ಪ್ರತಿಪಾದನೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಸಮಾನ ಸಂಪತ್ತು, ಭಿನ್ನ ವಿನಿಯೋಗ

ಹಸುವಿನ ಪ್ರತಿಯೊಂದು ಸಾಮಾನ್ಯ ಜೀವಕೋಶದಲ್ಲೂ 30 ಜೊತೆ ವರ್ಣತಂತುಗಳಿವೆ. ಡಾಮಿನೆಟ್ ಎಂಬ ಹೆಸರಿನ ಒಂದು ಹೆರಿಫರ್ಡ್ ತಳಿಯ ಆಕಳ ಡಿಎನ್‌ಎಯನ್ನು ಆಧಾರವಾಗಿಟ್ಟುಕೊಂಡು ಹಲವು ದೇಶಗಳ ವಿಜ್ಞಾನಿಗಳು 2009ರಲ್ಲಿ ಪ್ರಕಟಿಸಿದ ಗೋವಿನ ಜೀನೋಮಿನ ವಿವರದಂತೆ, ಪ್ರೋಟೀನುಗಳನ್ನು ನಿರ್ದೇಶಿಸುವ ಜೀನುಗಳು ಅದರಲ್ಲಿ ಸುಮಾರು 22,000. ಇವೆಲ್ಲವೂ ಕೊಂಬಿನ ಬುಡದ ಕೋಶದಲ್ಲೂ ಉಂಟು, ಕರುಳಿನ ಕೋಶದಲ್ಲೂ ಉಂಟು, ಕೆಚ್ಚಲಿನ ಕೋಶದಲ್ಲೂ ಉಂಟು. ಒಮ್ಮೆ ಕರುಳಿನ ಕೋಶವಾಗಿ ರೂಪುಗೊಂಡದ್ದು ತನಗೆ ಬೇಡವಾದ ಜೀನುಗಳನ್ನು ಕಳೆದುಕೊಳ್ಳುವುದಿರಬಹುದೇ ಎಂಬ ಸಂದೇಹ ಬಹುಕಾಲ ವಿದ್ವಾಂಸರನ್ನು ಬಾಧಿಸಿತ್ತು. ಇಂಗ್ಲೆಂಡಿನ ಜಾನ್ ಗರ್ಡನ್ ಅವರು ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ತೆಗೆದು ಕಪ್ಪೆಯ ಅಂಡದಲ್ಲಿ ನೆಲೆಗೊಳಿಸಿ, ಅದರಿಂದ ಮತ್ತೆ ಪೂರ್ಣಾಂಗ ಜೀವಿಯನ್ನೇ ಬೆಳೆಸಬಹುದೆಂದು 1960ರ ದಶಕದಲ್ಲಿ ತೋರಿಸಿದಾಗ ಆ ಸಂದೇಹ ಸಡಿಲವಾಯಿತು. ಸ್ಕಾಟ್ಲೆಂಡಿನ ರಾಸ್ಲಿನ್ ಸಂಸ್ಥೆಯಲ್ಲಿ 1996ರ ಜುಲೈ ತಿಂಗಳಲ್ಲಿ ಡಾಲಿ ಎಂಬ ಕುರಿಮರಿ ಹುಟ್ಟಿದಾಗ ಸಸ್ತನಿಗಳ ವಿಷಯದಲ್ಲೂ ಅದು ಪೂರ್ತಿ ತೊಲಗಿತು. ಡಾಲಿಯ ಮೂಲವಾದ ಕೋಶವು ಆರು ವರ್ಷದ ಒಂದು ಕುರಿಯ ಕೆಚ್ಚಲಿನಿಂದ ಬಂದದ್ದೆಂಬುದು ನಮ್ಮ ವಿಷಯಕ್ಕೆ ವಿಶೇಷವಾಗಿ ಸಲ್ಲುವ ಸಂಗತಿ. ಹಾಲೂಡುವ ಅಂಗದ ಒಂದು ಕೋಶದೊಳಗೆ ಕಣ್ಣು, ಗೊರಸು, ಮಿದುಳು, ಉಣ್ಣೆ ಎಲ್ಲವನ್ನೂ ಕಟ್ಟಬಲ್ಲ ಸಾಮಗ್ರಿಯು ಅಖಂಡವಾಗಿ ಉಳಿದಿತ್ತೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ಬೇಕಿಲ್ಲ.

ಸಂಪತ್ತು ಎಲ್ಲರಿಗೂ ಸಮಾನವಾದರೆ ವಿನಿಯೋಗದ ಭೇದ ಬಂದದ್ದೆಲ್ಲಿಂದ? ಈ ಪ್ರಶ್ನೆಗೆ ಮೊದಲ ಸಮರ್ಪಕವಾದ ಉತ್ತರ ದೊರೆತದ್ದು, ಕಾಕತಾಳೀಯವೆಂಬಂತೆ, ಹಾಲಿನ ಸಕ್ಕರೆಯ ಮೂಲಕವೇ. ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಅವರು ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು ಸಾಕಿ ನೋಡುತ್ತಿದ್ದಾಗ, ಸುತ್ತಮುತ್ತ ಲ್ಯಾಕ್ಟೋಸ್ ಇಲ್ಲದಾಗ ಅದನ್ನು ಜೀರ್ಣಿಸುವ ಕಿಣ್ವಗಳನ್ನು ಈ ಜೀವಿಯು ತಯಾರಿಸುವ ಗೋಜಿಗೇ ಹೋಗುವುದಿಲ್ಲವೆಂದೂ, ಲ್ಯಾಕ್ಟೋಸ್ ಒದಗಿದೊಡನೆ ಅಲ್ಲಿಯವರೆಗೆ ತಡೆಹಿಡಿದಿದ್ದ ಒಂದು ವಸ್ತು ಪಕ್ಕಕ್ಕೆ ಸರಿದು ಆ ಜೀನುಗಳು ಕಾರ್ಯೋನ್ಮುಖವಾಗುತ್ತವೆಂದೂ ಕಂಡುಕೊಂಡು 1961ರಲ್ಲಿ ಪ್ರಕಟಿಸಿದರು. 1965ರಲ್ಲಿ ಆಂದ್ರೆ ಲ್ವಾಫ್ ಅವರೊಡನೆ ಈರ್ವರಿಗೂ ನೊಬೆಲ್ ಪಾರಿತೋಷಕ ಸಂದಿತು. ಕಾರ್ಯೋನ್ಮುಖವಾದ ಜೀನು ತನ್ನ ಆದೇಶವನ್ನು ಆರ್‌ಎನ್‌ಎ ಎಂಬ ಅಲ್ಪಾಯುವಾದ ಪ್ರತಿಗಳ ರೂಪದಲ್ಲಿ ಹೊರಗೆ ಕಳುಹಿಸುತ್ತದೆ. ಆ ಪ್ರತಿಗಳನ್ನು ಅನುಸರಿಸಿ ಕೋಶವು ಪ್ರೋಟೀನನ್ನು ಹೆಣೆಯುತ್ತದೆ. ಆದಕಾರಣ ಒಂದು ಕೋಶದಲ್ಲಿ ಯಾವ ಜೀನಿನ ಆರ್‌ಎನ್‌ಎ ಪ್ರತಿಗಳು ಎಷ್ಟಿವೆಯೆಂದು ಎಣಿಸಬಲ್ಲೆವಾದರೆ, ಆ ಗಳಿಗೆಯಲ್ಲಿ ಆ ಕೋಶವು ಏನು ಮಾಡಲು ಹೊರಟಿದೆಯೆಂಬುದನ್ನು ಬಹುಮಟ್ಟಿಗೆ ಊಹಿಸಬಲ್ಲೆವು. ಜಾಕೋಬ್ ಮತ್ತು ಮೊನೊ ಅವರಿಗೆ ಈ ಪಾಠ ಕಲಿಸಿದ ಅದೇ ಇ. ಕೋಲಿಯೇ ಕೆಚ್ಚಲು ಬಾವಿನ ಪ್ರಮುಖ ಕಾರಣಗಳಲ್ಲೂ ಒಂದು.

ಕೆಚ್ಚಲಿನೊಳಗಿನ ನಿವಾಸಿಗಳು

ಹಸುವಿನ ಕೆಚ್ಚಲು ನಾಲ್ಕು ಪಾಲಾಗಿ ವಿಭಕ್ತವಾದದ್ದು. ಒಂದು ಪಾಲಿನ ಹಾಲು ಮತ್ತೊಂದಕ್ಕೆ ಹರಿಯುವುದಿಲ್ಲ. ಪ್ರತಿಯೊಂದು ಪಾಲಿನಲ್ಲೂ ಅಸಂಖ್ಯಾತವಾದ ಸೂಕ್ಷ್ಮ ಗೂಡುಗಳಿದ್ದು, ಅವುಗಳ ಒಳಗೋಡೆಯಲ್ಲಿ ಒಂದೇ ಸಾಲಾಗಿ ನಿಂತ ಕೋಶಗಳು ರಕ್ತದಿಂದ ಬಂದ ಸಾಮಗ್ರಿಯನ್ನು ಹಾಲನ್ನಾಗಿ ಮಾರ್ಪಡಿಸುತ್ತವೆ. ಇವನ್ನು ಹಾಲುಕೋಶಗಳೆಂದು ಕರೆಯೋಣ. ಆರೋಗ್ಯವಂತ ಹಸುವಿನಲ್ಲಿ ಇವುಗಳ ಜೀನುಗಳ ಪೈಕಿ ಅತ್ಯಂತ ಉತ್ಸಾಹದಿಂದ ದುಡಿಯುವವು ಕೇಸಿನ್ ಕುಟುಂಬಕ್ಕೆ ಸೇರಿದವು. ಲ್ಯಾಕ್ಟೋಸಿನ ತಯಾರಿಕೆಗೆ ಬೇಕಾದ ಆಲ್ಫಾ ಲ್ಯಾಕ್ಟಾಲ್ಬುಮಿನ್ ಇನ್ನೊಂದು. ಇವುಗಳ ಹೊರತಾಗಿ ಹಾಲಿನಲ್ಲಿ ಸದಾ ಒಂದಿಷ್ಟು ಬಿಳಿ ರಕ್ತಕಣಗಳೂ ತೇಲುತ್ತಿರುತ್ತವೆ. ಆರೋಗ್ಯದ ಪಾಲಿನಲ್ಲಿ ಇಂತಹ ಕೋಶಗಳ ಮೊತ್ತ ಒಂದು ಮಿಲಿಲೀಟರಿಗೆ ಸಾಮಾನ್ಯವಾಗಿ 1 ಲಕ್ಷಕ್ಕಿಂತ ಕಡಿಮೆ. ಅವುಗಳಲ್ಲಿ ಕಾವಲು ತಿರುಗುವ ಮ್ಯಾಕ್ರೋಫೇಜುಗಳೂ ಲಿಂಫೋಸೈಟುಗಳೂ ಹೆಚ್ಚು. ಮೊತ್ತವು 2 ಲಕ್ಷ ದಾಟಿದರೆ ಸೋಂಕು ತಗುಲಿದೆಯೆಂದೇ ಶಂಕಿಸುತ್ತಾರೆ. ಬಾವು ಬಲಿತಾಗ ಅದು ಹತ್ತಾರು ಲಕ್ಷಕ್ಕೆ ಏರುವುದಲ್ಲದೆ, ರಕ್ತದಿಂದ ನುಗ್ಗಿಬಂದ ನ್ಯೂಟ್ರೋಫಿಲ್‌ಗಳು ನೂರಕ್ಕೆ ತೊಂಬತ್ತರಷ್ಟಾಗುತ್ತವೆ.

ಈ ನುಗ್ಗಾಟವನ್ನು ಬರಿಗಣ್ಣಿಗೆ ಕಾಣಿಸುವ ಒಂದು ಸರಳ ಪರೀಕ್ಷೆಯನ್ನು ಕ್ಯಾಲಿಫೋರ್ನಿಯಾದ ಷಾಮ್ ಮತ್ತು ನೂರ್‌ಲ್ಯಾಂಡರ್ ಎಂಬ ಪಶುವೈದ್ಯ ವಿಜ್ಞಾನಿಗಳು 1957ರಲ್ಲಿ ರೂಪಿಸಿದರು. ಇಂದಿಗೂ ನಮ್ಮ ಪಶುವೈದ್ಯರು ಅದನ್ನು ಕೊಟ್ಟಿಗೆಯಲ್ಲೇ ಮಾಡಿ ತೋರಿಸುತ್ತಾರೆ. ನಾಲ್ಕು ಗುಂಡಿಗಳಿರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ನಾಲ್ಕು ಪಾಲಿನ ಹಾಲನ್ನೂ ಬೇರೆಬೇರೆಯಾಗಿ ಹಿಂಡಿ, ಅಷ್ಟೇ ಪ್ರಮಾಣದ ಮಾರ್ಜಕ ದ್ರವವನ್ನು ಬೆರೆಸಿ ಮೆಲ್ಲಗೆ ಅಲುಗಾಡಿಸಿದರೆ, ಆರೋಗ್ಯವಾದ ಪಾಲಿನ ಹಾಲು ನೀರಾಗಿಯೇ ಸುತ್ತುತ್ತದೆ. ಬಾವಿನ ಪಾಲಿನದು ಲೋಳೆಗಟ್ಟಿ ನಡುವೆ ಗುಡ್ಡೆಯಾಗುತ್ತದೆ. ಮಾರ್ಜಕವು ಕೋಶಗಳ ಪೊರೆಯನ್ನು ಕರಗಿಸಿದಾಗ ಹೊರಬಿದ್ದ ಡಿಎನ್‌ಎಯೇ ಆ ಲೋಳೆಗೆ ಕಾರಣ. ಕೋಶಗಳು ಹೆಚ್ಚಿದಷ್ಟೂ ಲೋಳೆ ದಟ್ಟ. ವಂಶವಾಹಿಗಳ ದ್ರವ್ಯವನ್ನೇ ರೈತನು ತನ್ನ ಅಂಗೈಯಳತೆಯಲ್ಲಿ ಕಾಣುವ ಪರೀಕ್ಷೆ ಇದು. ಆದರೆ ಕೋಶಗಳು ಹೆಚ್ಚಿದವೆಂಬುದನ್ನಷ್ಟೇ ಇದು ಹೇಳುತ್ತದೆ; ಅವು ಏನನ್ನು ಮಾಡುತ್ತಿವೆಯೆಂಬುದಕ್ಕೆ ಆರ್‌ಎನ್‌ಎಯನ್ನೇ ಕೇಳಬೇಕು.

ಎಣಿಸುವ ಬಗೆ

ಆರ್‌ಎನ್‌ಎ ಬಹಳ ಕೋಮಲವಾದ ವಸ್ತು; ಅದನ್ನು ಕತ್ತರಿಸುವ ಕಿಣ್ವಗಳು ನಮ್ಮ ಚರ್ಮದ ಮೇಲೂ ಹಾಲಿನಲ್ಲೂ ಇರುವುದರಿಂದ, ಮಾದರಿಯನ್ನು ತೆಗೆದೊಡನೆ ಶೀತಲೀಕರಿಸಿ ಅಥವಾ ರಕ್ಷಕ ದ್ರಾವಣದಲ್ಲಿಟ್ಟು ಜೋಪಾನ ಮಾಡಬೇಕಾಗುತ್ತದೆ. 1970ರಲ್ಲಿ ಹೊವಾರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಅವರು ಪ್ರತ್ಯೇಕವಾಗಿ ಪತ್ತೆಹಚ್ಚಿದ ಒಂದು ಕಿಣ್ವದ ನೆರವಿನಿಂದ ಅದನ್ನು ಸ್ಥಿರವಾದ ಡಿಎನ್‌ಎಯಾಗಿ ಪರಿವರ್ತಿಸಿಕೊಳ್ಳುತ್ತಾರೆ. ಆ ಮೇಲೆ ಪಿಸಿಆರ್ ಯಂತ್ರದಲ್ಲಿ ಸುತ್ತಿನಿಂದ ಸುತ್ತಿಗೆ ಅದನ್ನು ಇಮ್ಮಡಿಗೊಳಿಸುತ್ತ, ಪ್ರತಿಗಳು ಸಾಕಷ್ಟಾದಾಗ ಹೊಮ್ಮುವ ಬೆಳಕು ಎಷ್ಟನೆಯ ಸುತ್ತಿನಲ್ಲಿ ಕಾಣಿಸಿಕೊಂಡಿತೆಂದು ಗುರುತಿಸುತ್ತಾರೆ. ಪ್ರತಿ ಸುತ್ತಿಗೂ ದ್ವಿಗುಣವಾಗುವುದರಿಂದ, ರೋಗದ ಮಾದರಿಯು ಆರೋಗ್ಯದ ಮಾದರಿಗಿಂತ 3 ಸುತ್ತು ಮೊದಲೇ ಬೆಳಗಿದರೆ ಅದರಲ್ಲಿ ಆ ಜೀನಿನ ಪ್ರತಿಗಳು 8 ಪಟ್ಟು ಇದ್ದವೆಂದೂ, 10 ಸುತ್ತು ಮೊದಲೇ ಬೆಳಗಿದರೆ ಸಾವಿರ ಪಟ್ಟಿಗೂ ಮಿಗಿಲಾಗಿದ್ದವೆಂದೂ ಲೆಕ್ಕ. ಒಂದೊಂದೇ ಜೀನನ್ನು ವಿಚಾರಿಸುವ ಈ ಕ್ರಮದ ಪಕ್ಕದಲ್ಲಿ, ಒಮ್ಮೆಗೇ ಹಲವು ಜೀನುಗಳನ್ನು ವಿಚಾರಿಸುವ ಗಾಜಿನ ಫಲಕಗಳು 1995ರಲ್ಲಿ ಬಂದವು. 2008ರ ಸುಮಾರಿಗೆ ಮಾದರಿಯಲ್ಲಿರುವ ಆರ್‌ಎನ್‌ಎ ತುಣುಕುಗಳನ್ನೆಲ್ಲ ನೇರವಾಗಿ ಓದಿ ಎಣಿಸುವ ವಿಧಾನವೇ ಬಳಕೆಗೆ ಬಂದಿತು.

ಎಣಿಕೆ ಸುಲಭವಾದಷ್ಟೂ ವಿವೇಚನೆಯ ಹೊಣೆ ಹೆಚ್ಚುತ್ತದೆ. ನೂರಕ್ಕೆ ಐದು ಸಲ ಮಾತ್ರ ಆಕಸ್ಮಿಕವಾಗಿ ಕಾಣಬಹುದಾದ ವ್ಯತ್ಯಾಸವನ್ನು ನಂಬಲರ್ಹವೆಂದು ಒಪ್ಪುವ ಹಳೆಯ ರೂಢಿಯನ್ನು 20,000 ಜೀನುಗಳಿಗೆ ಹಾಗೆಯೇ ಅನ್ವಯಿಸಿದರೆ, ಎರಡು ಹಸುಗಳ ಗುಂಪುಗಳ ನಡುವೆ ವಾಸ್ತವವಾಗಿ ಯಾವ ಭೇದವೂ ಇಲ್ಲದಿದ್ದರೂ ಸುಮಾರು 1,000 ಜೀನುಗಳು ಬದಲಾದಂತೆ ತೋರಿಬರುತ್ತವೆ. ಈ ಮರೀಚಿಕೆಯನ್ನು ಅಂಕೆಯಲ್ಲಿಡಲು ಬೆಂಜಮಿನಿ ಮತ್ತು ಹಾಕ್‌ಬರ್ಗ್ ಎಂಬ ಇಸ್ರೇಲಿನ ಸಂಖ್ಯಾಶಾಸ್ತ್ರಜ್ಞರು 1995ರಲ್ಲಿ ಸೂಚಿಸಿದ ತಿದ್ದುಪಡಿಯು ಇಂದು ಈ ಕ್ಷೇತ್ರದ ನಿತ್ಯವಿಧಿಯಾಗಿದೆ. ಗಣಿತದ ಈ ತೊಡಕಿಗೆ ಗಣಿತವೇ ಪರಿಹಾರವನ್ನು ಒದಗಿಸಿತು. ಇನ್ನೊಂದು ತೊಡಕು ಜೀವದ್ದೇ ಆದದ್ದರಿಂದ ಅದರ ಪರಿಹಾರ ಅಷ್ಟು ಸುಲಭಸಾಧ್ಯವಾಗಲಿಲ್ಲ.

ಸಂತೆಯ ಗದ್ದಲ

ಊರ ಹೊರಗಿನ ದಿಬ್ಬದ ಮೇಲೆ ನಿಂತು ಸಂತೆಯ ಗದ್ದಲವನ್ನು ಆಲಿಸುವವನಿಗೆ ಕಳೆದ ವಾರಕ್ಕಿಂತ ಈ ವಾರ ಸದ್ದು ಜಾಸ್ತಿಯಾಗಿದೆಯೆಂದು ತಿಳಿಯುತ್ತದೆಯೇ ಹೊರತು, ಬಂದವರೇ ಗಂಟಲೆತ್ತಿ ಕೂಗುತ್ತಿರುವರೋ ಅಥವಾ ಬಂದವರ ಸಂಖ್ಯೆಯೇ ಹೆಚ್ಚಿದೆಯೋ ತಿಳಿಯುವುದಿಲ್ಲ. ಕೆಚ್ಚಲಿನ ಮಾದರಿಯನ್ನು ಇಡಿಯಾಗಿ ಅರೆದು ಆರ್‌ಎನ್‌ಎ ತೆಗೆದು ಎಣಿಸುವವನ ಪಾಡೂ ಇದೇ. ಆರೋಗ್ಯದ ಹಾಲಿನ ಕೋಶಗಳಲ್ಲಿ ನ್ಯೂಟ್ರೋಫಿಲ್‌ಗಳು ನೂರಕ್ಕೆ 10 ಇದ್ದು, ಬಾವಿನ ಹಾಲಿನಲ್ಲಿ ನೂರಕ್ಕೆ 90 ಆದವೆಂದು ಭಾವಿಸೋಣ. ನ್ಯೂಟ್ರೋಫಿಲ್‌ನಲ್ಲಿ ಮಾತ್ರ ವ್ಯಕ್ತವಾಗುವ ಯಾವುದೋ ಒಂದು ಜೀನು, ಯಾವ ಒಂದು ಕೋಶದಲ್ಲೂ ಕಿಂಚಿತ್ತೂ ಬದಲಾಗದೆಯೇ, ಒಟ್ಟು ಲೆಕ್ಕದಲ್ಲಿ 9 ಪಟ್ಟು ಏರಿದಂತೆ ಕಾಣುತ್ತದೆ. ಅಂತೆಯೇ ಹಾಲುಕೋಶಗಳ ಪಾಲು ಕುಗ್ಗಿದ ಮಾತ್ರಕ್ಕೆ, ಉಳಿದ ಹಾಲುಕೋಶಗಳು ನಿನ್ನೆಯಷ್ಟೇ ನಿಷ್ಠೆಯಿಂದ ದುಡಿಯುತ್ತಿದ್ದರೂ ಕೇಸಿನ್ ಜೀನುಗಳು ಮಂಕಾದಂತೆ ಕಾಣುತ್ತವೆ. ರೋಗವು ಜೀನನ್ನು ಪ್ರಚೋದಿಸಿತೋ ಅಥವಾ ಜನಸಂಖ್ಯೆಯನ್ನು ಮಾತ್ರ ಬದಲಿಸಿತೋ ಎಂಬ ಎರಡು ತೀರ ಭಿನ್ನವಾದ ವ್ಯಾಖ್ಯಾನಗಳು ಒಂದೇ ಅಂಕಿಯಲ್ಲಿ ಬೆರೆತುಹೋಗುತ್ತವೆ. ಅವುಗಳಲ್ಲಿ ಯಾವುದು ಸರಿಯೆಂಬುದರ ಮೇಲೆ ಮದ್ದಿನ ದಿಕ್ಕೇ ಬೇರೆಯಾಗುತ್ತದೆ.

ಇದನ್ನು ಬಿಡಿಸಲು ಸಂಶೋಧಕರು ಕಂಡುಕೊಂಡ ಉಪಾಯಗಳಲ್ಲಿ ಕೆಲವು ನಿಜಕ್ಕೂ ಮನೋಹರವಾಗಿವೆ. ಹಾಲುಕೋಶವು ಕೊಬ್ಬಿನ ಹನಿಯನ್ನು ಹೊರದೂಡುವಾಗ ಆ ಹನಿಗೆ ತನ್ನದೇ ಪೊರೆಯನ್ನು ಹೊದಿಸಿ ಕಳುಹಿಸುತ್ತದೆ; ಪೊರೆಯೊಡನೆ ಕೋಶದ ಒಳರಸದ ಒಂದು ಸಣ್ಣ ಅರ್ಧಚಂದ್ರವೂ ಕೆಲವೊಮ್ಮೆ ಹನಿಗೆ ಅಂಟಿಕೊಂಡು ಹೋಗುತ್ತದೆ. ಅದರಲ್ಲಿ ಆ ಕೋಶದ ಆರ್‌ಎನ್‌ಎ ಇರುತ್ತದೆ. ಹಾಗಾಗಿ ಹಾಲನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿದಾಗ ತಳಕ್ಕಿಳಿದ ಬಿಳಿ ರಕ್ತಕಣಗಳನ್ನು ಒಂದು ಕಡೆಗೂ, ಮೇಲೆ ತೇಲಿದ ಕೆನೆಯನ್ನು ಇನ್ನೊಂದು ಕಡೆಗೂ ತೆಗೆದಿಟ್ಟರೆ, ಹಸುವಿಗೆ ಸೂಜಿಯನ್ನೂ ತಾಕಿಸದೆ ಹಾಲುಕೋಶದ ಮಾತನ್ನು ರಕ್ಷಕಕೋಶಗಳ ಮಾತಿನಿಂದ ಬಹುಮಟ್ಟಿಗೆ ಬೇರ್ಪಡಿಸಿದಂತಾಗುತ್ತದೆ. ಲೇಸರ್ ಕಿರಣದಿಂದ ಊತಕದ ತೆಳುಪದರದಲ್ಲಿ ಬೇಕಾದ ಕೋಶಗಳನ್ನಷ್ಟೇ ಕತ್ತರಿಸಿ ತೆಗೆಯುವುದುಂಟು. ಈ ಶತಮಾನದಲ್ಲಿ ಬಂದ ಅತ್ಯಂತ ಸಮರ್ಥ ಸಾಧನವೆಂದರೆ ಒಂದೊಂದು ಕೋಶದ ಆರ್‌ಎನ್‌ಎಯನ್ನೂ ಪ್ರತ್ಯೇಕವಾಗಿ ಓದುವುದು. 2009ರಲ್ಲಿ ಇಲಿಯ ಭ್ರೂಣದ ಒಂದೇ ಒಂದು ಕೋಶದಿಂದ ಮೊದಲಾದ ಈ ಕಾರ್ಯವು, ಸೂಕ್ಷ್ಮ ಹನಿಗಳಲ್ಲಿ ಕೋಶಗಳನ್ನು ಬಿಡಿಬಿಡಿಯಾಗಿ ಬಂಧಿಸುವ ತಂತ್ರ ಬಂದ ಮೇಲೆ ಸಾವಿರಾರು ಕೋಶಗಳಿಗೆ ವಿಸ್ತರಿಸಿತು.

ಇದೂ ನಿರ್ದೋಷವಲ್ಲ. ನ್ಯೂಟ್ರೋಫಿಲ್‌ಗಳಲ್ಲಿ ಆರ್‌ಎನ್‌ಎ ಕಡಿಮೆ, ಅದನ್ನು ಕತ್ತರಿಸುವ ಕಿಣ್ವಗಳು ಹೆಚ್ಚು. ಆದ್ದರಿಂದ ಬಾವಿನ ಹಾಲಿನಲ್ಲಿ ಕಿಕ್ಕಿರಿದ ಈ ಕೋಶಗಳೇ ಎಷ್ಟೋ ವೇಳೆ ಎಣಿಕೆಯಿಂದ ತಪ್ಪಿಸಿಕೊಳ್ಳುತ್ತವೆ. ಊತಕವನ್ನು ಕಿಣ್ವಗಳಿಂದ ಬಿಡಿಸುವ ಅಲ್ಪಕಾಲದಲ್ಲೇ ಕೋಶಗಳು ಗಾಬರಿಗೊಂಡು ಕೆಲವು ಜೀನುಗಳನ್ನು ಎಚ್ಚರಿಸಿಕೊಂಡುಬಿಡುವುದೂ ಉಂಟು; ಅದನ್ನು ರೋಗದ ಲಕ್ಷಣವೆಂದು ಭ್ರಮಿಸಬಾರದು. ಸಾಧನವೆಷ್ಟೇ ನವೀನವಾಗಲಿ, ಯಾವುದನ್ನು ಯಾವುದರೊಡನೆ ಹೋಲಿಸುತ್ತಿದ್ದೇವೆಂಬ ಎಚ್ಚರವನ್ನು ಅದು ನಮಗಾಗಿ ವಹಿಸಿಕೊಳ್ಳಲಾರದು.

ಇಬ್ಬರು ವೈರಿಗಳು, ಎರಡು ಬಗೆಯ ಕದನ

ಕೋಶವನ್ನು ಗುರುತಿಸಿ ಮಾತನ್ನು ಆಲಿಸಿದಾಗ ದೊರೆಯುವ ಫಲಕ್ಕೆ ಉತ್ತಮವಾದ ನಿದರ್ಶನವೊಂದುಂಟು. ಇ. ಕೋಲಿಯಿಂದ ಬರುವ ಬಾವು ಸಾಮಾನ್ಯವಾಗಿ ತಟ್ಟನೆ ಎರಗುತ್ತದೆ: ಜ್ವರ, ನೀರಾದ ಹಾಲು, ಮೇವು ಬಿಟ್ಟ ಹಸು, ಆದರೆ ಹಲವು ವೇಳೆ ಹಸುವಿನ ದೇಹವು ಕೆಲವೇ ದಿನಗಳಲ್ಲಿ ಅದನ್ನು ಹೊರದೂಡಿಯೂ ಬಿಡುತ್ತದೆ. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಮಾರ್ಗವೇ ಬೇರೆ. ಹೊರಗೆ ಯಾವ ಚಿಹ್ನೆಯನ್ನೂ ಕಾಣಗೊಡದೆ, ಹಾಲು ನಿತ್ಯ ಒಂದಿಷ್ಟು ಕಡಿಮೆಯಾಗುವಂತೆ ಮಾಡುತ್ತ, ತಿಂಗಳುಗಟ್ಟಲೆ, ಕೆಲವೊಮ್ಮೆ ಹಸುವಿನ ಆಯುಷ್ಯಪರ್ಯಂತ ಅದು ಕೆಚ್ಚಲಿನಲ್ಲಿ ನೆಲಸಿಬಿಡುತ್ತದೆ. ಈ ಭೇದವು ಬ್ಯಾಕ್ಟೀರಿಯಾದ ಸ್ವಭಾವವೋ, ಹಸುವಿನ ಪ್ರತಿಕ್ರಿಯೆಯೋ?

ಜರ್ಮನಿಯ ರೊಸ್ಟಾಕ್ ನಗರದ ಬಳಿಯ ಡುಮ್ಮರ್‌ಸ್ಟಾರ್ಫ್‌ನಲ್ಲಿರುವ ಸಾಕುಪ್ರಾಣಿಗಳ ಜೀವವಿಜ್ಞಾನ ಸಂಸ್ಥೆಯ ಸಂಶೋಧಕರು ಹಸುವಿನ ಹಾಲುಕೋಶಗಳನ್ನು ಪ್ರತ್ಯೇಕಿಸಿ ಬೆಳೆಸಿ, ಅವುಗಳಿಗೆ ಈ ಎರಡೂ ಬ್ಯಾಕ್ಟೀರಿಯಾಗಳನ್ನು ಶಾಖದಿಂದ ನಿರ್ಜೀವಗೊಳಿಸಿ ಸೋಕಿಸಿ ನೋಡಿದರು. ಇ. ಕೋಲಿ ಸೋಕಿದ ಕೋಶಗಳಲ್ಲಿ ಕೆಲವೇ ಗಂಟೆಗಳೊಳಗೆ ಉರಿಯೂತದ ಜೀನುಗಳು ಭುಗಿಲೆದ್ದವು: ಟಿಎನ್‌ಎಫ್ ಆಲ್ಫಾ, ನ್ಯೂಟ್ರೋಫಿಲ್‌ಗಳನ್ನು ಆಹ್ವಾನಿಸುವ ಇಂಟರ್‌ಲ್ಯೂಕಿನ್ 8 ಮೊದಲಾದವು. ಸ್ಟೆಫೈಲೊಕಾಕಸ್ ಸೋಕಿದ ಕೋಶಗಳು ಮಾತ್ರ ತಡವಾಗಿ, ಅರೆಮನಸ್ಸಿನಿಂದೆಂಬಂತೆ ಸ್ಪಂದಿಸಿದವು. ಉರಿಯೂತಕ್ಕೆ ಪ್ರಧಾನ ಕೀಲಿಯಾದ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನು ಇ. ಕೋಲಿಯ ಸಂಪರ್ಕದಿಂದ ಎಚ್ಚೆತ್ತಂತೆ ಇದರ ಸಂಪರ್ಕದಿಂದ ಎಚ್ಚೆತ್ತುಕೊಳ್ಳಲಿಲ್ಲ. ವೈರಿಯು ಗೂಡಿನ ಬಾಗಿಲಿಗೇ ಬಂದಿದ್ದರೂ ಬಾಗಿಲಲ್ಲಿ ನಿಂತ ಕೋಶವು ಕೂಗು ಹಾಕಲಿಲ್ಲವೆಂಬುದೇ ಆ ರೋಗದ ದೀರ್ಘವಾಸಕ್ಕೆ ಬಹುಮಟ್ಟಿನ ಕಾರಣವೆಂದು ಇದರಿಂದ ಊಹಿಸಬಹುದು. ಊತಕವನ್ನು ಇಡಿಯಾಗಿ ಅರೆದು ನೋಡಿದ್ದರೆ, ಟಿಎನ್‌ಎಫ್ ಆಲ್ಫಾವನ್ನೂ ಇಂಟರ್‌ಲ್ಯೂಕಿನ್ 1ನ್ನೂ ಧಾರಾಳವಾಗಿ ಸ್ರವಿಸುವ ಮ್ಯಾಕ್ರೋಫೇಜುಗಳ ಸದ್ದಿನಲ್ಲಿ ಹಾಲುಕೋಶದ ಈ ಮೌನವು ಮುಚ್ಚಿಹೋಗುತ್ತಿತ್ತು.

ಹಾಲುಕೋಶವನ್ನು ಬರಿಯ ಹಾಲಿನ ಕಾರ್ಖಾನೆಯೆಂದು ಬಗೆದಿದ್ದವರಿಗೆ ಈ ಅಧ್ಯಯನಗಳು ಮತ್ತೊಂದು ವಿಷಯವನ್ನು ಕಲಿಸಿದವು. ಹಸುವಿನ ನಾಲಿಗೆಯಲ್ಲಿ ಗಾಯವಾದೆಡೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಸಣ್ಣ ಪ್ರೋಟೀನೊಂದನ್ನು 1995ರಲ್ಲಿ ಗುರುತಿಸಲಾಗಿತ್ತು. ಅದೇ ಪ್ರೋಟೀನಿನ ಜೀನು ಸೋಂಕು ತಗುಲಿದ ಕೆಚ್ಚಲಿನ ಹಾಲುಕೋಶದಲ್ಲೂ ಜಾಗೃತವಾಗುತ್ತದೆ. ಗಿಣ್ಣುಹಾಲಿನಲ್ಲಿ ಸಮೃದ್ಧವಾಗಿರುವ ಅಮಿಲಾಯ್ಡ್ ಎ 3 ಎಂಬ ಪ್ರೋಟೀನು ಬಾವಿನ ಕಾಲದಲ್ಲಿ ಮತ್ತೆ ಹೇರಳವಾಗುತ್ತದೆ. ಇತ್ತ ಕೇಸಿನ್ ಜೀನುಗಳು ಇಳಿಮುಖವಾಗುತ್ತವೆ, ಹಾಲುಕೋಶಗಳ ನಡುವಣ ಬೆಸುಗೆ ಸಡಿಲಗೊಂಡು ರಕ್ತದ ಸೋಡಿಯಂ ಮತ್ತು ಕ್ಲೋರೈಡು ಹಾಲಿಗೆ ಸೋರುತ್ತವೆ, ಲ್ಯಾಕ್ಟೋಸು ತಗ್ಗುತ್ತದೆ. ಬಾವಿನ ಹಾಲು ಉಪ್ಪುಪ್ಪಾಗುತ್ತದೆಂದು ಹಳ್ಳಿಯವರು ಹೇಳುವ ಮಾತಿನ ಮೂಲ ಇಲ್ಲಿದೆ.

ಆರೋಗ್ಯವೆಂಬುದೂ ಒಂದೇ ಅಲ್ಲ

ರೋಗವನ್ನು ಆರೋಗ್ಯದೊಡನೆ ಹೋಲಿಸುವೆವೆಂದು ಸಲೀಸಾಗಿ ಹೇಳುತ್ತೇವೆ. ಆದರೆ ಯಾವ ಆರೋಗ್ಯದೊಡನೆ? ಕೆಚ್ಚಲಿನ ನಾಲ್ಕು ಪಾಲುಗಳು ಬೇರೆಬೇರೆಯಾಗಿರುವುದು ಈ ವಿಷಯದಲ್ಲಿ ನಿಸರ್ಗವೇ ಕೊಟ್ಟ ವರದಂತೆ ತೋರುತ್ತದೆ. ಅದೇ ಹಸು, ಅದೇ ವಯಸ್ಸು, ಅದೇ ಮೇವು, ಅದೇ ಹವೆ. ಒಂದು ಪಾಲು ರೋಗಗ್ರಸ್ತ, ಮತ್ತೊಂದು ಸ್ವಸ್ಥ. ಆದರೆ ಸಂಶೋಧಕರು ಒಂದು ಪಾಲಿಗೆ ಸೋಂಕು ತಗುಲಿಸಿ ಪಕ್ಕದ ಪಾಲನ್ನು ಪರೀಕ್ಷಿಸಿದಾಗ, ಬ್ಯಾಕ್ಟೀರಿಯಾದ ಸುಳಿವೇ ಇಲ್ಲದ ಆ ಪಾಲಿನಲ್ಲೂ ರಕ್ಷಣೆಯ ಎಷ್ಟೋ ಜೀನುಗಳು ಎಚ್ಚೆತ್ತಿದ್ದುದು ಕಂಡುಬಂದಿತು. ಹಾಲು ಹರಿಯದಿದ್ದರೂ ರಕ್ತ ಹರಿಯುತ್ತದಲ್ಲವೆ? ಹೊರನೋಟಕ್ಕೆ ಸ್ವಸ್ಥವಾದ ಆ ಪಾಲು ವಾಸ್ತವವಾಗಿ ಸನ್ನದ್ಧವಾದ ಪಾಲು. ಅದನ್ನು ನಿಜವಾದ ಆರೋಗ್ಯದ ಪ್ರತಿನಿಧಿಯೆಂದು ಪರಿಗಣಿಸಿದರೆ ರೋಗದ ಪರಿಣಾಮವನ್ನು ಕಡಿಮೆಯಾಗಿ ಅಳೆದಂತಾಗುತ್ತದೆ.

ಈಯುವ ಕಾಲದ ಹಸುವನ್ನು ತೆಗೆದುಕೊಳ್ಳಿ. ಕರು ಹಾಕುವ ಹೊತ್ತಿನಿಂದ ಕೆಲವು ವಾರಗಳವರೆಗೆ ಅದರ ದೇಹವು ತಿನ್ನುವುದಕ್ಕಿಂತ ಹೆಚ್ಚಾಗಿ ವ್ಯಯಿಸುತ್ತಿರುತ್ತದೆ. ಪ್ರಸವದ ಹೊತ್ತಿನಲ್ಲಿ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನಿನ ಪ್ರಭಾವದಿಂದ ನ್ಯೂಟ್ರೋಫಿಲ್‌ಗಳ ಮೇಲ್ಮೈಯಲ್ಲಿರುವ ಎಲ್ ಸೆಲೆಕ್ಟಿನ್ ಎಂಬ ಪ್ರೋಟೀನು ಕ್ಷೀಣಿಸುತ್ತದೆ. ರಕ್ತನಾಳದ ಗೋಡೆಯನ್ನು ಹಿಡಿದು ನಿಂತು ಸೋಂಕಿನ ಸ್ಥಳಕ್ಕೆ ಇಳಿಯಲು ಈ ಪ್ರೋಟೀನೇ ಆಧಾರವಾದ್ದರಿಂದ, ರಕ್ತದಲ್ಲಿ ರಕ್ಷಕಕೋಶಗಳು ಯಥೇಷ್ಟವಾಗಿದ್ದರೂ ಕೆಚ್ಚಲಿಗೆ ಅವು ವೇಳೆಗೆ ಸರಿಯಾಗಿ ತಲುಪವು. ಹೊಸದಾಗಿ ಕರು ಹಾಕಿದ ಹಸುವಿಗೆ ಬಾವು ಬಹಳವಾಗಿ ಕಾಡುವುದಕ್ಕೆ ಇದೂ ಒಂದು ಕಾರಣ. ಇಂತಹ ಹಸುವಿನ ಜ್ವರವಿಲ್ಲದ ದಿನದ ರಕ್ತವನ್ನು, ಕರು ಹಾಕಿ ಆರು ತಿಂಗಳಾದ ಹಸುವಿನ ರಕ್ತದೊಡನೆ ಸಮವೆಂದು ಭಾವಿಸಲಾಗದು.

ಇನ್ನೂ ಆಶ್ಚರ್ಯಕರವಾದ ಸಂಗತಿಯೆಂದರೆ, ಬಾವಿನ ಬೇರು ಎಷ್ಟೋ ವೇಳೆ ಕೆಚ್ಚಲಿನಲ್ಲೇ ಇರುವುದಿಲ್ಲ. ಬಾವಿಗೆ ತುತ್ತಾಗುವ ಪ್ರವೃತ್ತಿಯೊಡನೆ ಸಂಬಂಧವುಳ್ಳ ಒಂದು ತಾಣವು ಹಸುವಿನ 6ನೆಯ ವರ್ಣತಂತುವಿನಲ್ಲಿ ಇದೆಯೆಂಬುದು ಹಲವು ತಳಿಗಳಲ್ಲಿ ಕಂಡುಬಂದಿತ್ತು. ಹೋಲ್‌ಸ್ಟೀನ್ ಹಸುಗಳಲ್ಲಿ ಅದನ್ನು ಕೂಲಂಕಷವಾಗಿ ಶೋಧಿಸಿದಾಗ, ಆ ತಾಣದಲ್ಲಿ ಸುಮಾರು 12,000 ಅಕ್ಷರಗಳ ಡಿಎನ್‌ಎ ತುಂಡೊಂದು ಕೆಲವು ಹಸುಗಳಲ್ಲಿ ಹೆಚ್ಚು ಪ್ರತಿಗಳಾಗಿ ಇರುವುದೂ, ಅದು ಡಿ ಜೀವಸತ್ವವನ್ನು ರಕ್ತದಲ್ಲಿ ಹೊತ್ತೊಯ್ಯುವ ಪ್ರೋಟೀನಿನ ಜೀನಿನ ಅಭಿವ್ಯಕ್ತಿಯನ್ನು ಪ್ರಭಾವಿಸುವುದೂ ತಿಳಿಯಿತು. ಆ ಜೀನು ಮುಖ್ಯವಾಗಿ ದುಡಿಯುವುದು ಯಕೃತ್ತಿನಲ್ಲಿ. ಅಷ್ಟೇ ಅಲ್ಲದೆ ಹಾಲಿನ ಇಳುವರಿಯೂ ರೋಗಪ್ರವೃತ್ತಿಯೂ ಈ ಒಂದೇ ತಾಣದಲ್ಲಿ ಹೆಣೆದುಕೊಂಡಿವೆ. ಹೆಚ್ಚು ಹಾಲನ್ನು ಬಯಸಿ ಹೋರಿಗಳನ್ನು ಆರಿಸುತ್ತ ಬಂದವರು ತಮಗರಿವಿಲ್ಲದೆಯೇ ಬಾವಿನ ಪ್ರವೃತ್ತಿಯನ್ನೂ ಕಾಪಾಡಿಕೊಂಡು ಬಂದಿರಬೇಕು. ಕೆಚ್ಚಲಿನ ಕೋಶಗಳನ್ನಷ್ಟೇ ಆಲಿಸುತ್ತ ಕುಳಿತಿದ್ದರೆ ಯಕೃತ್ತಿನ ಈ ಮಾತು ಎಂದೂ ಕಿವಿಗೆ ಬೀಳುತ್ತಿರಲಿಲ್ಲ. ನಾರ್ವೆ ದೇಶದವರು ಹಾಲಿನ ಇಳುವರಿಯೊಡನೆ ಬಾವಿನ ದಾಖಲೆಯನ್ನೂ ಹೋರಿಗಳ ಆಯ್ಕೆಯಲ್ಲಿ 1978ರಿಂದಲೇ ಪರಿಗಣಿಸುತ್ತ ಬಂದದ್ದು ಎಂತಹ ದೂರದೃಷ್ಟಿಯೆಂಬುದು ಈಗ ಇನ್ನಷ್ಟು ಸ್ಪಷ್ಟವಾಗುತ್ತದೆ.

ನಮ್ಮ ಕೊಟ್ಟಿಗೆಯ ಪಾಲು

ಇದೆಲ್ಲದರಿಂದ ಹಸು ಸಾಕುವವನಿಗೆ ಏನು ಬಂದಿತು? ಮೊದಲನೆಯದಾಗಿ, ಬಾವೆಂದರೆ ಒಂದೇ ರೋಗವೆಂದೆಣಿಸಿ ಎಲ್ಲಕ್ಕೂ ಒಂದೇ ಆಂಟಿಬಯಾಟಿಕ್ ಕೊಡುವ ಅಭ್ಯಾಸವು ಶಾಸ್ತ್ರಸಮ್ಮತವಲ್ಲವೆಂಬುದು ದೃಢವಾಯಿತು. ಇ. ಕೋಲಿಯಂತಹ ಬ್ಯಾಕ್ಟೀರಿಯಾದಿಂದ ಬಂದ ಸೌಮ್ಯವಾದ ಬಾವಿನಲ್ಲಿ ದೇಹವೇ ಬಹುತೇಕ ಗೆಲ್ಲುವುದರಿಂದ, ಹಾಲನ್ನು ಪರೀಕ್ಷಿಸಿ ಕಾರಣವನ್ನು ತಿಳಿದ ಮೇಲೆ ಔಷಧವನ್ನು ನಿರ್ಧರಿಸುವ ಪದ್ಧತಿ ಹಲವು ದೇಶಗಳಲ್ಲಿ ಬೇರೂರಿದೆ; ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚುತ್ತಿರುವ ಈ ಕಾಲದಲ್ಲಿ ಇದು ಹಸುವಿಗಷ್ಟೇ ಅಲ್ಲ, ಹಾಲು ಕುಡಿಯುವ ನಮಗೂ ಶ್ರೇಯಸ್ಕರ. ಎರಡನೆಯದಾಗಿ, ಕರೆದ ಮೇಲೆ ಹಸುವು ಒಡನೆಯೇ ಮಲಗದಂತೆ ಮೇವು ಹಾಕಿ ನಿಲ್ಲಿಸುವುದು, ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವವರೆಗೆ ಅದನ್ನು ಸಗಣಿಗಂಜಲಗಳಿಂದ ದೂರವಿಡುವುದು, ತೊಟ್ಟುಗಳನ್ನು ಔಷಧದ ದ್ರವದಲ್ಲಿ ಅದ್ದುವುದು, ಇವುಗಳಿಗೆ ಇದ್ದ ಬೆಲೆ ಇಮ್ಮಡಿಯಾಯಿತು. ಒಮ್ಮೆ ಒಳಹೊಕ್ಕ ಸ್ಟೆಫೈಲೊಕಾಕಸನ್ನು ಹಾಲುಕೋಶವೇ ಗುರುತಿಸಲು ತಡಮಾಡುವುದಾದರೆ, ಒಳಗೆ ಬಿಡದಿರುವುದೇ ಜಾಣತನ.

ಆದರೆ ಒಂದು ಕೊರತೆಯನ್ನು ಇಲ್ಲಿ ಹೇಳಲೇಬೇಕು. ಸಾರ್ವಜನಿಕವಾಗಿ ಲಭ್ಯವಿದ್ದ 7 ಸಾವಿರಕ್ಕೂ ಮಿಕ್ಕಿದ ಮಾದರಿಗಳನ್ನು ಒಟ್ಟುಗೂಡಿಸಿ, ಹಸುವಿನ ಯಾವ ಊತಕದಲ್ಲಿ ಯಾವ ಜೀನು ಹೇಗೆ ವರ್ತಿಸುತ್ತದೆಂಬುದರ ಬೃಹತ್ ಸಂಕಲನವೊಂದನ್ನು ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು. ಅದರಲ್ಲಿ ಐರೋಪ್ಯ ಮೂಲದ ತಳಿಗಳದೇ ಮೇಲುಗೈ. ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ದೇವಣಿ, ಕೃಷ್ಣಾವ್ಯಾಲಿ, ಮಲೆನಾಡು ಗಿಡ್ಡ ಎಂಬ ನಮ್ಮ ತಳಿಗಳ ಕೋಶಗಳು ಇದೇ ವೈರಿಗಳಿಗೆ ಹೇಗೆ ಉತ್ತರ ಕೊಡುತ್ತವೆಂಬುದನ್ನು ಅದೇ ವಿಸ್ತಾರದಲ್ಲಿ ಅಳೆಯುವ ಕೆಲಸ ನಮ್ಮವರ ಪಾಲಿನದು. ನಾಡಹಸುವಿಗೆ ಬಾವು ಕಡಿಮೆ, ಮಿಶ್ರತಳಿಗೆ ಹೆಚ್ಚು ಎಂದು ನಾವೆಲ್ಲರೂ ಹೇಳುತ್ತೇವೆ. ಆದರೆ ದಿನಕ್ಕೆ ಎರಡೋ ಮೂರೋ ಲೀಟರು ಕರೆದು ಗುಡ್ಡದಲ್ಲಿ ಮೇಯುವ ಗಿಡ್ಡವನ್ನು, ಹದಿನೈದು ಲೀಟರು ಕೊಟ್ಟು ಸಿಮೆಂಟಿನ ನೆಲದ ಮೇಲೆ ಕಟ್ಟಿಹಾಕಿದ ಹೋಲ್‌ಸ್ಟೀನ್ ಮಿಶ್ರತಳಿಯೊಡನೆ ಹೋಲಿಸಿದರೆ, ಕಂಡ ವ್ಯತ್ಯಾಸ ರಕ್ತದ್ದೋ, ಇಳುವರಿಯದೋ, ನೆಲದ್ದೋ ಹೇಳುವುದು ಹೇಗೆ? ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು, ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸೋಂಕುಶಾಸ್ತ್ರ ಸಂಸ್ಥೆ, ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯ ಮುಂತಾದ ವಿದ್ಯಾಕೇಂದ್ರಗಳೂ, ಹಳ್ಳಿಹಳ್ಳಿಯಲ್ಲಿ ಹಾಲಿನ ಸೊಸೈಟಿಗಳೂ ಇರುವ ನಾಡಿನಲ್ಲಿ ಇದಕ್ಕೆ ಬೇಕಾದ ಹಸುಗಳಿಗಾಗಲಿ ವಿದ್ವಾಂಸರಿಗಾಗಲಿ ಅಭಾವವಿಲ್ಲ.

ಅಭಾವವಿರುವುದು ದಾಖಲೆಗೆ. ಸೊಸೈಟಿಯಲ್ಲಿ ಹಾಲಿನ ಡಿಗ್ರಿಯನ್ನೂ ಫ್ಯಾಟನ್ನೂ ಬರೆದಿಡುತ್ತಾರೆ. ಅದು ಯಾವ ಹಸುವಿನ ಹಾಲು, ಎಷ್ಟನೆಯ ಸೂಲು, ಕರು ಹಾಕಿ ಎಷ್ಟು ದಿನವಾಯಿತು, ಹಿಂದೆ ಯಾವ ತೊಟ್ಟಿಗೆ ಬಾವು ಬಂದಿತ್ತು, ಯಾವ ಔಷಧ ಕೊಟ್ಟರು ಎಂಬುದನ್ನು ಬರೆದಿಡುವವರು ವಿರಳ. ಪ್ರಯೋಗಾಲಯವು ಒಂದು ಸೀಸೆ ಹಾಲಿನಿಂದ 20,000 ಜೀನುಗಳ ಅಂಕಿಗಳನ್ನು ತೆಗೆದುಕೊಡಬಲ್ಲದು. ಅವು ಯಾವ ಕೋಶದ್ದೆಂದು ಬೇರ್ಪಡಿಸಿಯೂ ಕೊಡಬಲ್ಲದು. ಯಾವ ಸ್ಥಿತಿಯ ಹಸುವಿನದೆಂಬುದನ್ನು ಮಾತ್ರ ಆ ಹಸುವನ್ನು ನಿತ್ಯ ಕಾಣುವವರೇ ಹೇಳಬೇಕು. ಪ್ರತಿ ಹಸುವಿಗೂ ಒಂದು ಪುಸ್ತಕವನ್ನಿಟ್ಟು ಈ ನಾಲ್ಕಾರು ಸಂಗತಿಗಳನ್ನು ತಾರೀಖು ಸಹಿತ ಗುರುತು ಹಾಕುವ ಶಿಸ್ತನ್ನು ರೈತರೂ ಪಶುವೈದ್ಯರೂ ಸೊಸೈಟಿಯ ಕಾರ್ಯದರ್ಶಿಗಳೂ ಸೇರಿ ಇಂದೇ ಆರಂಭಿಸಬೇಕು. ಹತ್ತು ವರ್ಷಗಳ ಅನಂತರ ನಮ್ಮ ತಳಿಗಳ ಬಗೆಗೆ ನಾವು ಆಡುವ ಮಾತಿಗೆ ಪ್ರಮಾಣವೆಂಬುದು ಇದ್ದರೆ, ಅದು ಆ ಪುಸ್ತಕಗಳಿಂದಲೇ ಬರತಕ್ಕದ್ದು.